ಜೋಮ್ತಿಯನ್ ಕಡಲು, ಪಟ್ಟಾಯ ರಾತ್ರಿ: ಮೊದಲ ಸಲ ಹೊರಟ ಗೇ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನವನು, ಗೇ. ಪಟ್ಟಾಯಕ್ಕೆ ಆರು ಸಲ ಹೋಗಿ ಬಂದಿದ್ದೇನೆ, ಅದರಲ್ಲಿ ನಾಲ್ಕು ಸಲ ಸಂಗಾತಿಯ ಜೊತೆ. ಗೆಳೆಯರ ಬಾಯಿಂದ ಬಾಯಿಗೆ ಈ ಸುದ್ದಿ ಹೋಗಿ ಹಾಸನ, ಹುಬ್ಬಳ್ಳಿ, ಪುತ್ತೂರು ಎಲ್ಲ ಕಡೆಯಿಂದ ಮೆಸೇಜು ಬರುತ್ತವೆ. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಒಂದೇ. ಒಬ್ಬೊಬ್ಬರಿಗೂ ರಾತ್ರಿ ಹನ್ನೊಂದಕ್ಕೆ ಕೂತು ಟೈಪ್ ಮಾಡುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಪಟ್ಟಾಯ ಅಂದರೆ ಗಂಡಸರು ಗುಂಪು ಕಟ್ಟಿಕೊಂಡು ಹುಡುಗಿಯರನ್ನು ನೋಡಲು ಹೋಗುವ ಜಾಗ ಅಲ್ವಾ? ಅಲ್ಲಿ ನಮಗೇನಿದೆ?

ನೀವು ಕೇಳಿರುವುದು ನಿಜವೇ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ರಜೆಗೆ ಬಂದು ಬಂದು ಮೀನುಗಾರರ ಊರು ಬಾರ್‌ಗಳ ಊರಾಯಿತು. ಈಗಲೂ ವಾಕಿಂಗ್ ಸ್ಟ್ರೀಟ್‌ನಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ, ಬ್ಯಾಚುಲರ್ ಪಾರ್ಟಿಗೆ ಬಂದ ನಮ್ಮ ಹುಡುಗರು. ಆದರೆ ಊರಿನ ದಕ್ಷಿಣಕ್ಕೆ ಪ್ರತಮ್ನಾಕ್ ಎಂಬ ಗುಡ್ಡವಿದೆ. ಅದನ್ನು ಹತ್ತಿ ಆ ಕಡೆ ಇಳಿದರೆ ಜೋಮ್ತಿಯನ್. ಉದ್ದನೆಯ ತೀರ, ಸದ್ದು ಕಡಿಮೆ. ಅದರ ಉತ್ತರದ ತುದಿಗೆ ದೋಂಗ್ತಾನ್ ಅನ್ನುತ್ತಾರೆ. ಎಷ್ಟೋ ವರ್ಷಗಳಿಂದ ಗೇ ಗಂಡಸರು ಸೇರುವ ತೀರ ಅದು. ಕಾಮನಬಿಲ್ಲಿನ ಬಾವುಟ ಕಂಡಲ್ಲಿ ನಿಲ್ಲಿ, ಅದೇ ಜಾಗ.

ಆ ಬೀಚಿನಲ್ಲಿ ಏನು ಮಾಡುತ್ತಾರೆ?

ಏನೂ ಮಾಡುವುದಿಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಹೋಗುತ್ತೇನೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗುತ್ತೀರಿ. ಮರದ ನೆರಳು ಮುಗಿದಲ್ಲಿಂದ ಸಾಲು ಸಾಲು ಕೊಡೆ, ಕೆಳಗೆ ಒರಗುವ ಕುರ್ಚಿ. ನಾವು ಕೊಟ್ಟಿರುವುದು ಒಂದು ಕುರ್ಚಿಗೆ 100 ಬಾತ್ ಒಳಗೆ, ಇಡೀ ದಿನಕ್ಕೆ. ಕುರ್ಚಿ ಕೊಡುವವರೇ ಎಳನೀರು, ಬಿಯರು, ಊಟ ತಂದುಕೊಡುತ್ತಾರೆ, ಹೊರಡುವಾಗ ಲೆಕ್ಕ. ಕೊಯ್ದ ಮಾವಿನಹಣ್ಣು ಮಾರುವವರು, ಕಾಲು ಒತ್ತುವ ಹೆಂಗಸರು, ಸೀಗಡಿ ಬುಟ್ಟಿ ಹೊತ್ತವರು ಬರುತ್ತಾ ಹೋಗುತ್ತಾ ಇರುತ್ತಾರೆ. ಬೇಡ ಅಂದರೆ ನಕ್ಕು ಮುಂದೆ ಹೋಗುತ್ತಾರೆ. ಪಕ್ಕದ ಕುರ್ಚಿಯಲ್ಲಿ ಜರ್ಮನಿಯ ಒಬ್ಬ ಅಜ್ಜ ಮತ್ತು ಅವರ ಥಾಯ್ ಸಂಗಾತಿ, ಆಚೆ ಸಿಂಗಪುರದ ಹುಡುಗರ ಗುಂಪು, ಇನ್ನೂ ಆಚೆ ಮಕ್ಕಳನ್ನು ಕರೆದುಕೊಂಡು ಬಂದ ಬ್ಯಾಂಕಾಕಿನ ಸಂಸಾರ. ಯಾರೂ ಯಾರನ್ನೂ ನೋಡುತ್ತಾ ಕೂರುವುದಿಲ್ಲ.

ಮೊದಲ ದಿನ ನನ್ನ ಸಂಗಾತಿ ನನ್ನ ಬೆನ್ನಿಗೆ ಸನ್‌ಸ್ಕ್ರೀನ್ ಹಚ್ಚಲು ಕೈ ಎತ್ತಿದ, ತಕ್ಷಣ ಹಿಂದೆ ಮುಂದೆ ನೋಡಿದ. ಇಬ್ಬರಿಗೂ ಅದು ಎಷ್ಟು ಅಭ್ಯಾಸವಾಗಿದೆ ಅಂತ ಅವತ್ತೇ ಗೊತ್ತಾಗಿದ್ದು. ಗೋಕರ್ಣದ ಕುಡ್ಲೆ ಬೀಚಿಗೆ ಎಷ್ಟು ಸಲ ಹೋಗಿದ್ದೇವೆ, ಒಂದು ಸಲವೂ ಅವನು ಹಾಗೆ ಕೈ ಎತ್ತಿದ್ದಿಲ್ಲ.

ಬಟ್ಟೆ ಪೂರ್ತಿ ಬಿಚ್ಚುವಂತಿಲ್ಲ, ಥಾಯ್ಲೆಂಡಿನಲ್ಲಿ ಅದು ಅಪರಾಧ. ಈಜುಡುಗೆ ಎಷ್ಟೇ ಚಿಕ್ಕದಿರಲಿ, ಮರಳಿನ ಮೇಲೆ ತೊಂದರೆಯಿಲ್ಲ. ರಸ್ತೆಗೆ ಬರುವಾಗ ಒಂದು ಬನಿಯನ್ನಾದರೂ ಹಾಕಿಕೊಳ್ಳಿ, ಬರಿಮೈಯಲ್ಲಿ ಅಂಗಡಿಗೆ ಬರುವುದು ಅಲ್ಲಿನವರಿಗೆ ಹಿಡಿಸುವುದಿಲ್ಲ. ಇನ್ನೊಬ್ಬರ ಫೋಟೋ ತೆಗೆಯಬೇಡಿ. ನಿಮ್ಮ ಹಾಗೆಯೇ ಮನೆಯಲ್ಲಿ ಹೇಳದೆ ಬಂದವರು ಅಲ್ಲಿ ತುಂಬಾ ಜನ ಇರುತ್ತಾರೆ.

ಕೈ ಹಿಡಿದು ನಡೆದರೆ ಪೊಲೀಸರು ಹಿಡಿಯುತ್ತಾರಾ?

ಇಲ್ಲ. ಅಲ್ಲಿ ಸಲಿಂಗ ಸಂಬಂಧ ಅಪರಾಧ ಅನ್ನುವುದು 1956ರಲ್ಲೇ ಹೋಯಿತು. ನಮಗೆ ಅದನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಭಾರ ಇಳಿದಿದ್ದು 2018ರ ಸೆಪ್ಟೆಂಬರ್ 6ಕ್ಕೆ. 2025ರ ಜನವರಿಯಿಂದ ಅಲ್ಲಿ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಕಾನೂನು ಪ್ರಕಾರ ಮದುವೆಯಾಗಬಹುದು. ಆದರೆ ಬೀದಿಯಲ್ಲಿ ಅಪ್ಪಿಕೊಂಡು ಮುತ್ತಿಡುವುದನ್ನು ಗಂಡು ಹೆಣ್ಣು ಮಾಡಿದರೂ ಥಾಯ್ ಜನ ಇಷ್ಟಪಡುವುದಿಲ್ಲ. ಕೈ ಹಿಡಿಯಿರಿ, ಹೆಗಲ ಮೇಲೆ ಕೈ ಹಾಕಿ, ಉಳಿದದ್ದು ರೂಮಿಗೆ.

ಹೋಟೆಲಿನಲ್ಲಿ ಇಬ್ಬರು ಗಂಡಸರು ಒಂದೇ ಹಾಸಿಗೆ ಕೇಳಿದರೆ ಏನಂತಾರೆ?

ಏನೂ ಅನ್ನುವುದಿಲ್ಲ. ನಮ್ಮ ರಾಜ್ಯದ್ದೇ ಒಂದು ಊರಲ್ಲಿ, ಹೆಸರು ಬೇಡ, ರಿಸೆಪ್ಷನ್‌ನವನು ನಮ್ಮಿಬ್ಬರ ಆಧಾರ್ ಕಾರ್ಡ್ ನೋಡಿ, ಮುಖ ನೋಡಿ, ಡಬಲ್ ಬೆಡ್ ಇಲ್ಲ ಅಂದಿದ್ದ. ನಾವು ಅದನ್ನು ಬುಕ್ ಮಾಡಿ ದುಡ್ಡು ಕಟ್ಟಿ ಆಗಿತ್ತು. ಜೋಮ್ತಿಯನ್‌ನಲ್ಲಿ ಮೊದಲ ಸಲ ಚೆಕ್ ಇನ್ ಮಾಡುವಾಗ ಅದೇ ನೆನಪಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಆ ಹುಡುಗಿ ದೊಡ್ಡ ಹಾಸಿಗೆಯೋ ಎರಡು ಚಿಕ್ಕವೋ ಅಂತ ಕೇಳಿ, ದೊಡ್ಡದು ಅಂದಾಗ ಬೀಗದ ಕೈ ಕೊಟ್ಟಳು, ಅಷ್ಟೇ.

ಗೇ ಮಾಲೀಕರ ಚಿಕ್ಕ ಗೆಸ್ಟ್‌ಹೌಸ್‌ಗಳು ಜೋಮ್ತಿಯನ್ ಕಾಂಪ್ಲೆಕ್ಸ್ ಸುತ್ತಮುತ್ತ ಇವೆ. ಬೀಚಿಗೆ ನಡೆದೇ ಹೋಗಬಹುದು, ರಾತ್ರಿಯ ಬಾರ್‌ಗಳೂ ಅಲ್ಲೇ. ಮೊದಲ ಸಲಕ್ಕೆ ನಾನು ಹೇಳುವುದು ಅದನ್ನೇ.

ರಾತ್ರಿ ಎಲ್ಲಿಗೆ ಹೋಗಬೇಕು?

ಎರಡು ಜಾಗ ನೆನಪಿಟ್ಟುಕೊಳ್ಳಿ. ಒಂದು, ಈಗ ಹೇಳಿದ ಜೋಮ್ತಿಯನ್ ಕಾಂಪ್ಲೆಕ್ಸ್, ತಪ್ರಯ ರಸ್ತೆಯ ಪಕ್ಕಕ್ಕಿದೆ. ಎರಡು ಮೂರು ಗಲ್ಲಿ ತುಂಬಾ ಚಿಕ್ಕ ಚಿಕ್ಕ ಬಾರ್, ಹೊರಗೆ ಸ್ಟೂಲು, ಹಾಡು, ಕೆಲವು ಕಡೆ ರಾತ್ರಿ ಕ್ಯಾಬರೆ. ಒಂದು ಬಿಯರು ಹಿಡಿದು ಎರಡು ಗಂಟೆ ಕೂರಬಹುದು. ಎರಡನೆಯದು ದಕ್ಷಿಣ ಪಟ್ಟಾಯದ ಬಾಯ್ಜ್‌ಟೌನ್, ಪಟ್ಟಾಯಲ್ಯಾಂಡ್ ಸೋಯಿ 3. ಸೋಯಿ ಅಂದರೆ ಅಡ್ಡರಸ್ತೆ. ಅಲ್ಲಿ ಸದ್ದು ಜಾಸ್ತಿ, ಹುಡುಗರು ವೇದಿಕೆ ಮೇಲೆ ಕುಣಿಯುವ ಗೋಗೋ ಬಾರ್‌ಗಳು ಇರುವುದು ಅಲ್ಲಿ. ಮೊದಲಿದ್ದ ಭರಾಟೆ ಈಗಿಲ್ಲ, ಜನ ಜೋಮ್ತಿಯನ್ ಕಡೆಗೆ ವಾಲಿದ್ದಾರೆ. ಬಾರ್‌ಗಳು ವರ್ಷ ವರ್ಷ ಮುಚ್ಚುತ್ತವೆ, ಹೊಸದು ತೆರೆಯುತ್ತವೆ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಗಲ್ಲಿ ಗೊತ್ತಿದ್ದರೆ ಸಾಕು.

ಬೆಳಗಿನ ಜಾವದ ತನಕ ದೊಡ್ಡ ಡ್ಯಾನ್ಸ್ ಫ್ಲೋರ್ ಬೇಕು ಅನ್ನುವವರು ಬ್ಯಾಂಕಾಕಿನಲ್ಲಿ ಒಂದು ರಾತ್ರಿ ಉಳಿಯಿರಿ. ಸೀಲೋಮ್ ರಸ್ತೆಯ ಸೋಯಿ 2 ಮತ್ತು ಸೋಯಿ 4 ಅದಕ್ಕೇ ಹೆಸರುವಾಸಿ. ಎಲ್ಲಿ ಹೋದರೂ 20 ತುಂಬಿರಬೇಕು, ಗುರುತಿನ ಚೀಟಿ ಕೇಳುತ್ತಾರೆ.

ಬಾರ್‌ನಲ್ಲಿ ಹುಡುಗರು ಬಂದು ಪಕ್ಕದಲ್ಲಿ ಕೂರುತ್ತಾರಂತೆ. ಅದು ಏನು, ಹೇಗೆ?

ಇದನ್ನು ಎಲ್ಲರೂ ಕೊನೆಯಲ್ಲಿ, ಸಣ್ಣ ದನಿಯಲ್ಲಿ ಕೇಳುತ್ತಾರೆ. ನೇರವಾಗಿ ಹೇಳುತ್ತೇನೆ. ಹೋಸ್ಟ್ ಬಾರ್, ಗೋಗೋ ಬಾರ್‌ಗಳಲ್ಲಿ ಕೆಲಸ ಮಾಡುವ ಹುಡುಗರು ನಿಮ್ಮ ಜೊತೆ ಕೂತು ಮಾತಾಡುತ್ತಾರೆ. ಅವರಿಗೆ ನೀವು ಒಂದು ಡ್ರಿಂಕ್ ಕೊಡಿಸಿದರೆ ಅದರಲ್ಲಿ ಅವರಿಗೆ ಪಾಲು. ಹೊರಗೆ ಕರೆದುಕೊಂಡು ಹೋಗಲು ಬಾರ್‌ಗೆ ಕಟ್ಟುವ ದುಡ್ಡಿಗೆ ಆಫ್ ಫೀ ಅನ್ನುತ್ತಾರೆ. ಆಮೇಲಿನದು ನಿಮ್ಮ ಅವರ ನಡುವಿನ ಮಾತು. ಥಾಯ್ಲೆಂಡಿನ 1996ರ ಕಾಯ್ದೆಯ ಪ್ರಕಾರ ದುಡ್ಡಿಗೆ ಲೈಂಗಿಕ ಸಂಬಂಧ ಅಪರಾಧವೇ. ಎದುರಿಗೇ ಎಲ್ಲ ನಡೆಯುತ್ತದೆ ಅಂತ ಕಾನೂನು ಇಲ್ಲ ಅಂದುಕೊಳ್ಳಬೇಡಿ.

ಹೋಗಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಹೋದರೆ ಅವರನ್ನು ಮನುಷ್ಯರ ಹಾಗೆ ನೋಡಿ. ತುಂಬಾ ಹುಡುಗರು ಬಡ ಈಶಾನ್ಯ ಭಾಗದ ಇಸಾನ್‌ನಿಂದ, ಪಕ್ಕದ ಲಾವೋಸ್, ಕಾಂಬೋಡಿಯ, ಬರ್ಮಾದಿಂದ ಹೊಟ್ಟೆಪಾಡಿಗೆ ಬಂದವರು, ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುವವರು. ಒಬ್ಬ ಹುಡುಗ ನನಗೆ ಫೋನಿನಲ್ಲಿ ತನ್ನ ಹೆಂಡತಿ, ಮಗಳ ಫೋಟೋ ತೋರಿಸಿದ್ದ. ಚೌಕಾಸಿ ಮಾಡಬೇಡಿ. ಮೈ ಮುಟ್ಟುವ ಮುಂಚೆ ಕೇಳಿ. ದುಡ್ಡು, ಕಾಂಡೋಮ್ ಎಲ್ಲ ಮೊದಲೇ ಮಾತಾಡಿಕೊಳ್ಳಿ, ಅವರು ಇಲ್ಲ ಅಂದರೆ ಇಲ್ಲ ಅಂತಲೇ ಅರ್ಥ. ವಯಸ್ಸಿನ ಬಗ್ಗೆ ಎಳ್ಳಷ್ಟು ಅನುಮಾನ ಬಂದರೂ ಎದ್ದು ಬನ್ನಿ. 18ರ ಒಳಗಿನವರ ವಿಷಯದಲ್ಲಿ ಅಲ್ಲಿ ಜೈಲು ಖಚಿತ, ಕಾನೂನು ಇರಲಿ ಬಿಡಲಿ ಅದು ಪಾಪದ ಕೆಲಸ.

ರೂಮಿಗೆ ಯಾರನ್ನೇ ಕರೆದುಕೊಂಡು ಬಂದರೂ ಅವರ ಐಡಿ ಕಾರ್ಡನ್ನು ರಿಸೆಪ್ಷನ್‌ನಲ್ಲಿ ಇಟ್ಟುಕೊಳ್ಳುವ ಹೋಟೆಲ್ ಆರಿಸಿ. ಪಟ್ಟಾಯದಲ್ಲಿ ಇದು ಮಾಮೂಲಿ, ಇಬ್ಬರಿಗೂ ಒಳ್ಳೆಯದು. ಪಾಸ್‌ಪೋರ್ಟು, ಜಾಸ್ತಿ ದುಡ್ಡು ಲಾಕರ್‌ನಲ್ಲಿರಲಿ. ಗ್ಲಾಸು ಬಿಟ್ಟು ಎದ್ದು ಹೋಗಬೇಡಿ. ತೊಂದರೆಯಾದರೆ ಟೂರಿಸ್ಟ್ ಪೊಲೀಸ್ ನಂಬರ್ 1155.

ಲೇಡಿಬಾಯ್ ಶೋ ನೋಡಬಹುದಾ?

ನೋಡಿ, ಚೆನ್ನಾಗಿರುತ್ತದೆ. ಟ್ರಾನ್ಸ್ ಹೆಂಗಸರು ವೇದಿಕೆ ಮೇಲೆ ಹಾಡಿ ಕುಣಿಯುವ ಶೋ ಅದು. ಟಿಫನೀಸ್ ಶೋ 1974ರಿಂದ ನಡೆಯುತ್ತಿದೆ. ಮಿಸ್ ಇಂಟರ್‌ನ್ಯಾಷನಲ್ ಕ್ವೀನ್ ಎಂಬ ಟ್ರಾನ್ಸ್ ಹೆಂಗಸರ ಸ್ಪರ್ಧೆ 2004ರಲ್ಲಿ ಪಟ್ಟಾಯದಲ್ಲೇ ಶುರುವಾಯಿತು. ಶೋ ಮುಗಿದ ಮೇಲೆ ಹೊರಗೆ ಫೋಟೋಗೆ ನಿಲ್ಲುತ್ತಾರೆ, ಅದಕ್ಕೆ ದುಡ್ಡು ಕೊಡಬೇಕು, ಅದು ಅವರ ಸಂಪಾದನೆ.

ಒಂದು ಮಾತು. ಅಲ್ಲಿ ನಮ್ಮ ದೇಶದ ಗಂಡಸರು ಅವರನ್ನು ಮುಟ್ಟಿ ಮುಟ್ಟಿ ನಗುವುದನ್ನು ನೋಡಿದ್ದೇನೆ, ಗೇ ಹುಡುಗರೂ ಆ ಗುಂಪಿನಲ್ಲಿದ್ದರು, ಅದನ್ನು ನೋಡಿ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟವರು ನಾವು. ಥಾಯ್ಲೆಂಡಿನಲ್ಲಿ ಮದುವೆ ಕಾನೂನು ಬಂದರೂ ಟ್ರಾನ್ಸ್ ಜನಕ್ಕೆ ಗುರುತಿನ ಚೀಟಿಯಲ್ಲಿ ಲಿಂಗ ಬದಲಿಸಿಕೊಳ್ಳುವ ಕಾನೂನು ಇನ್ನೂ ಸಿಕ್ಕಿಲ್ಲ. ವೇದಿಕೆಯ ಮಿಂಚು ನೋಡಿ ಅವರ ಬದುಕು ಸಲೀಸು ಅಂದುಕೊಳ್ಳಬೇಡಿ.

ಇಂಡಿಯನ್ ಅಂದರೆ ಮುಖ ತಿರುಗಿಸುತ್ತಾರಂತೆ, ನಿಜವಾ?

ಕೆಲವರು, ಹೌದು. ಆ್ಯಪ್‌ಗಳಲ್ಲಿ ಪ್ರೊಫೈಲಿನಲ್ಲೇ ಇಂಡಿಯನ್ಸ್ ಬೇಡ ಅಂತ ಬರೆದವರನ್ನು ನೋಡುತ್ತೀರಿ. ನೋವಾಗುತ್ತದೆ. ಅದು ಜನಾಂಗದ ತಾರತಮ್ಯ, ಅದಕ್ಕೆ ಬೇರೆ ಹೆಸರು ಬೇಡ. ಜೊತೆಗೆ, ನಾಲ್ಕು ಜನ ಬಂದು ಒಂದು ಬಿಯರು ತಗೊಂಡು ಮೂರು ಗಂಟೆ ಹುಡುಗರನ್ನು ಬರೀ ನೋಡಿ ಎದ್ದು ಹೋಗುವವರಿಂದಲೂ ಬಾರ್‌ನವರಿಗೆ ಬೇಜಾರಾಗಿದೆ. ಕೈ ಜೋಡಿಸಿ 'ಸವಾದಿ ಕ್ರಾಪ್' ಅನ್ನಿ, ಹೆಸರು ಕೇಳಿ, 20 ಬಾತ್ ಟಿಪ್ಸ್ ಇಡಿ. ಎರಡನೇ ದಿನ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ. ಆಮೇಲೂ ಮುಖ ತಿರುಗಿಸುವವರನ್ನು ಬಿಟ್ಟುಬಿಡಿ, ಮುಂದಿನ ಬಾರ್ ಇಪ್ಪತ್ತು ಹೆಜ್ಜೆ ದೂರದಲ್ಲಿದೆ.

ಎಚ್‌ಐವಿ ಭಯ ಇದೆ. ಏನು ಮಾಡಲಿ?

ಭಯ ಬೇಡ, ತಯಾರಿ ಬೇಕು. ಹೊರಡುವ ಒಂದು ತಿಂಗಳ ಮುಂಚೆ ಡಾಕ್ಟರ್ ಹತ್ತಿರ ಪ್ರೆಪ್ ಬಗ್ಗೆ ಮಾತಾಡಿ. ಎಚ್‌ಐವಿ ಬಾರದ ಹಾಗೆ ಮೊದಲೇ ತಗೊಳ್ಳುವ ಮಾತ್ರೆ ಅದು. ಶುರು ಮಾಡುವ ಮುಂಚೆ ಎಚ್‌ಐವಿ ಪರೀಕ್ಷೆ, ಕಿಡ್ನಿ ಪರೀಕ್ಷೆ ಮಾಡಿಸುತ್ತಾರೆ. ಹೆಪಟೈಟಿಸ್ ಎ, ಬಿ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಅದನ್ನೂ ಕೇಳಿ. ಪ್ರೆಪ್ ಇದ್ದರೂ ಕಾಂಡೋಮ್ ಬಿಡಬೇಡಿ, ಸಿಫಿಲಿಸ್, ಗೊನೊರಿಯಾ ಪ್ರೆಪ್‌ಗೆ ಹೆದರುವುದಿಲ್ಲ.

ಕಾಂಡೋಮ್ ಹರಿದರೆ ಅಥವಾ ಕುಡಿದು ಮರೆತರೆ 72 ಗಂಟೆಯ ಒಳಗೆ ಪೆಪ್ ಶುರುವಾಗಬೇಕು. ಎಚ್‌ಐವಿ ಅಂಟದ ಹಾಗೆ ಆಮೇಲೆ ತಗೊಳ್ಳುವ 28 ದಿನದ ಮಾತ್ರೆ ಅದು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಊರಿಗೆ ಹೋಗಿ ನೋಡೋಣ ಅಂತ ಕೂರಬೇಡಿ, ಪಟ್ಟಾಯದಲ್ಲೇ ಆಸ್ಪತ್ರೆಗೆ ಹೋಗಿ. ಬಾರ್‌ಗಳಲ್ಲಿ ದುಡಿಯುವವರ ಜೊತೆ ಕೆಲಸ ಮಾಡುವ ಸ್ವಿಂಗ್ ಎಂಬ ಸಂಸ್ಥೆಯೂ ಪಟ್ಟಾಯದಲ್ಲಿದೆ, ಅವರು ಯಾರನ್ನೂ ಜಡ್ಜ್ ಮಾಡುವುದಿಲ್ಲ. ಎಚ್‌ಐವಿ ಇದ್ದು ಸರಿಯಾಗಿ ಔಷಧಿ ತಗೊಂಡು ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಸಂಭೋಗದಲ್ಲಿ ಅದು ಹರಡುವುದಿಲ್ಲ. ಹಾಗಾಗಿ ಯಾರಾದರೂ ನಂಬಿ ಹೇಳಿಕೊಂಡರೆ ಎದ್ದು ಓಡಬೇಡಿ.

ಗಾಂಜಾ ಅಲ್ಲಿ ಫ್ರೀ ಅಂತಾರೆ?

2022ರ ಜೂನ್‌ನಲ್ಲಿ ಬಿಟ್ಟರು, 2025ರ ಜೂನ್‌ನಲ್ಲಿ ಮತ್ತೆ ಬಿಗಿ ಮಾಡಿದರು, ಡಾಕ್ಟರ್ ಚೀಟಿ ಬೇಕು. ಬೇರೆ ಡ್ರಗ್ಸ್‌ಗೆ ಜೈಲು. ವೇಪ್ ಕೂಡ ಅಲ್ಲಿ ಕಾನೂನುಬಾಹಿರ, ಬ್ಯಾಗಿನಲ್ಲಿ ಇಟ್ಟುಕೊಳ್ಳಲೇಬೇಡಿ. ವಾಪಸ್ ಬರುವಾಗ ಯಾರಾದರೂ 'ಈ ಪ್ಯಾಕೆಟ್ ಬೆಂಗಳೂರಿಗೆ ತಗೊಂಡು ಹೋಗು, ಟಿಕೆಟ್ ದುಡ್ಡು ನಾನು ಕೊಡ್ತೀನಿ' ಅಂದರೆ ಆ ಕ್ಷಣವೇ ಅವನ ನಂಬರ್ ತೆಗೆದುಹಾಕಿ. ಬ್ಯಾಂಕಾಕ್ ವಿಮಾನದಲ್ಲಿ ಬಂದವರ ಬ್ಯಾಗಿನಲ್ಲಿ ಹೈಡ್ರೋ ಗಾಂಜಾ ಸಿಕ್ಕ ಸುದ್ದಿ ಕೆಂಪೇಗೌಡ ನಿಲ್ದಾಣದಿಂದ ಎಷ್ಟು ಸಲ ಬಂದಿದೆ, ನೋಡಿದ್ದೀರಲ್ಲ.

ಹೋಗುವುದು ಹೇಗೆ? ವೀಸಾ, ದುಡ್ಡು?

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನ, ನಾಲ್ಕು ಗಂಟೆ ಹತ್ತಿರ. ಸುವರ್ಣಭೂಮಿ ನಿಲ್ದಾಣದಿಂದಲೇ ಜೋಮ್ತಿಯನ್‌ಗೆ ಬಸ್ಸಿದೆ, ಎರಡು ಗಂಟೆ ದಾರಿ, ಟಿಕೆಟ್ ಸುಮಾರು 150 ಬಾತ್. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ. 2024ರ ಜುಲೈನಲ್ಲಿ ನಮ್ಮ ಪಾಸ್‌ಪೋರ್ಟಿಗೆ ವೀಸಾ ಇಲ್ಲದೆ 60 ದಿನ ಕೊಟ್ಟರು. ಈ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ದಿನ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಇಳಿಯುವ ಮುಂಚಿನ ಮೂರು ದಿನದೊಳಗೆ. ಅದು ಉಚಿತ, ದುಡ್ಡು ಕೇಳುವ ಸೈಟು ನಕಲಿ. ಎಟಿಎಂನಲ್ಲಿ ಒಂದು ಸಲ ತೆಗೆದರೆ 220 ಬಾತ್ ಆಸುಪಾಸು ಹೋಗುತ್ತದೆ, ಹಾಗಾಗಿ ಸ್ವಲ್ಪ ನಗದು ಒಯ್ಯಿರಿ.

ಊರೊಳಗೆ ಸೊಂಗ್ತೇವ್ ಎಂಬ ಗಾಡಿ ಓಡುತ್ತವೆ, ಹಿಂದೆ ಎರಡು ಬೆಂಚು. ರೇಟು ಕೇಳದೆ ಹತ್ತಿ, ಬೇಕಾದಲ್ಲಿ ಬೆಲ್ ಒತ್ತಿ, ಇಳಿದು ಚಿಲ್ಲರೆ ಕೊಟ್ಟು ನಡೆಯಿರಿ. ಕೇಳಿದಿರೋ, ಟ್ಯಾಕ್ಸಿ ರೇಟು ಹೇಳುತ್ತಾರೆ. ಬಾಡಿಗೆ ಸ್ಕೂಟರ್ ಬೇಡ, ಇಂಟರ್‌ನ್ಯಾಷನಲ್ ಪರ್ಮಿಟ್ ಇಲ್ಲದೆ ಬಿದ್ದರೆ ಇನ್ಶೂರೆನ್ಸ್ ಒಂದು ಪೈಸೆ ಕೊಡುವುದಿಲ್ಲ. ಜೆಟ್ ಸ್ಕೀ ಬಾಡಿಗೆಗೂ ಹೋಗಬೇಡಿ. ವಾಪಸ್ ತಂದಾಗ ಗೀರು ತೋರಿಸಿ ಸಾವಿರಗಟ್ಟಲೆ ಬಾತ್ ಕೀಳುವುದು ಅಲ್ಲಿ ಹಳೆಯ ಆಟ.

ಯಾವ ತಿಂಗಳು ಒಳ್ಳೆಯದು? ನೀರು ಚೆನ್ನಾಗಿದೆಯಾ?

ನವೆಂಬರ್‌ನಿಂದ ಫೆಬ್ರವರಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಅವರ ಹೊಸ ವರ್ಷ, ಊರೆಲ್ಲ ನೀರೆರಚಾಟ. ಪಟ್ಟಾಯದಲ್ಲಿ ಅದು 19ರ ತನಕ ಎಳೆಯುತ್ತದೆ. ನೀರಿನ ವಿಷಯ: ಜೋಮ್ತಿಯನ್‌ನದು ಕಾಪು, ಮುರುಡೇಶ್ವರದ ನೀರಿನಷ್ಟೂ ತಿಳಿಯಾಗಿಲ್ಲ. ತಿಳಿನೀರು ಬೇಕಾದರೆ ಬಾಲಿ ಹಾಯ್ ಕಟ್ಟೆಯಿಂದ ದೋಣಿ ಹತ್ತಿ ಕೊ ಲಾನ್ ದ್ವೀಪಕ್ಕೆ ಹೋಗಿ, ಮುಕ್ಕಾಲು ಗಂಟೆ, 30 ಬಾತ್.

ನಾನು ಸಸ್ಯಾಹಾರಿ.

'ಜೇ' ಅನ್ನಿ. ಮೀನಿನ ಸಾಸ್ ಕೂಡ ಇಲ್ಲದ ಊಟ ಅಂತ ಅರ್ಥ. ಹಳದಿ ಬಾವುಟದ ಮೇಲೆ ಕೆಂಪಗೆ ಆ ಪದ ಬರೆದ ಅಂಗಡಿ ಹುಡುಕಿ. ಇಂಡಿಯನ್ ಹೋಟೆಲ್‌ಗಳೂ ಬೇಕಾದಷ್ಟಿವೆ.

ನಾವಿಬ್ಬರು ಹುಡುಗಿಯರು. ನಮಗೂ ಆಗುತ್ತಾ?

ಆಗುತ್ತದೆ, ಆದರೆ ಇರುವುದನ್ನು ಇದ್ದಂತೆ ಹೇಳಬೇಕು. ದೋಂಗ್ತಾನ್, ಜೋಮ್ತಿಯನ್ ಕಾಂಪ್ಲೆಕ್ಸ್ ಎರಡೂ ಹೆಚ್ಚಾಗಿ ಗಂಡಸರದೇ. ನಿಮ್ಮನ್ನು ಯಾರೂ ಬೇಡ ಅನ್ನುವುದಿಲ್ಲ, ನಿಮಗೇ ಅಂತ ಇರುವ ಜಾಗ ಕಡಿಮೆ. ಥಾಯ್ ಜನಕ್ಕೆ ನಿಮ್ಮ ಜೋಡಿ ಹೊಸದಲ್ಲ, ಟಾಮ್ (ಗಂಡಿನ ಹಾಗೆ ಇರುವವಳು) ಮತ್ತು ದೀ (ಅವಳ ಸಂಗಾತಿ) ಅಂತ ಅವರಲ್ಲಿ ಹೆಸರೇ ಇದೆ. ನನ್ನ ಗೆಳತಿ ತನ್ನ ಸಂಗಾತಿಯ ಜೊತೆ ಐದು ದಿನ ಇದ್ದು ಬಂದಳು. ಬಾರ್ ಮರೆತು ಕೊ ಲಾನ್‌ನಲ್ಲೇ ಎರಡು ರಾತ್ರಿ ಉಳಿಯಿರಿ ಅನ್ನುತ್ತಾಳೆ.

ನಾವು ಅಲ್ಲಿ ಮದುವೆಯಾಗಬಹುದಾ?

ವಿದೇಶಿಯರೂ ಆಗಬಹುದು, ಆದರೆ ನೀವು ಅವಿವಾಹಿತರು ಅಂತ ನಿಮ್ಮ ದೇಶದ ರಾಯಭಾರ ಕಚೇರಿಯ ಪತ್ರ ಬೇಕು. ಮದುವೆಯಾದರೂ ಇಲ್ಲಿ ಅದಕ್ಕೆ ಬೆಲೆಯಿಲ್ಲ. 2023ರ ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟ್ ಇಲ್ಲ ಅಂದಿತು. ಅವತ್ತು ನಾವಿಬ್ಬರೂ ರಜೆ ಹಾಕಿ ಟಿವಿ ಮುಂದೆ ಕೂತಿದ್ದೆವು. ಅದರ ಬಗ್ಗೆ ಇನ್ನೂ ಮಾತಾಡಲು ಆಗುವುದಿಲ್ಲ.

ಮನೆಯಲ್ಲಿ ಏನು ಹೇಳಲಿ?

ಗೆಳೆಯರ ಜೊತೆ ಬ್ಯಾಂಕಾಕಿಗೆ ಅಂದರೆ ಸಾಕು, ಅದು ಸುಳ್ಳೂ ಅಲ್ಲ. ಎಲ್ಲಿ ಇಳಿದುಕೊಳ್ಳುತ್ತೀರಿ ಅನ್ನುವುದು ನಂಬುವ ಒಬ್ಬರಿಗಾದರೂ ಗೊತ್ತಿರಲಿ. ಫೋಟೋ ತಾನಾಗಿ ಬ್ಯಾಕಪ್ ಆಗುವುದನ್ನು ಹೊರಡುವ ಮುಂಚೆ ನಿಲ್ಲಿಸಿ. ಒಬ್ಬ ಹುಡುಗನ ಬೀಚಿನ ಫೋಟೋಗಳೆಲ್ಲ ಊರಲ್ಲಿ ಹಾಲ್‌ನ ಟಿವಿಯಲ್ಲಿ ಓಡಿದವು, ಅಮ್ಮ ಕಾಫಿ ಕುಡಿಯುತ್ತಾ ಕೂತಿದ್ದರು. ಹೇಳುವುದು ಯಾವಾಗ ಅಂತ ನಿರ್ಧಾರ ಮಾಡುವ ಹಕ್ಕು ಅವನದಾಗಿತ್ತು, ಒಂದು ಸೆಟ್ಟಿಂಗ್ ಅದನ್ನು ಕಿತ್ತುಕೊಂಡಿತು.

ನನಗೆ 50 ದಾಟಿದೆ. ಈ ವಯಸ್ಸಿನಲ್ಲಿ ಹೋದರೆ ಜನ ನಗುವುದಿಲ್ಲವಾ?

ಜೋಮ್ತಿಯನ್ ನಿಮಗೇ ಸರಿಯಾದ ಜಾಗ. ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ತಲೆ ನರೆತವರು.

ಮೂರನೇ ಸಲ ಹೋದಾಗ ಪಕ್ಕದ ಕುರ್ಚಿಯವರು ನಮ್ಮ ಮಾತು ಕೇಳಿಸಿಕೊಂಡು 'ಕನ್ನಡದೋರಾ?' ಅಂದರು. ಎದೆ ಧಸಕ್ಕೆಂದಿತು, ಊರಿನ ದನಿ ಅಂದರೆ ನಮಗೆ ಮೊದಲು ಭಯವೇ ಅಲ್ವಾ. ದಾವಣಗೆರೆ ಕಡೆಯವರು, 61 ವಯಸ್ಸು, ಹೆಂಡತಿ ತೀರಿಕೊಂಡು ನಾಲ್ಕು ವರ್ಷ, ಮಕ್ಕಳಿಗೆ ಮದುವೆಯಾಗಿದೆ. ಒಬ್ಬರೇ ಬಂದಿದ್ದರು. ಬಾರ್ ಕಡೆ ಹೋಗಿಯೇ ಇರಲಿಲ್ಲ. 'ಸುಮ್ನೆ ಇಲ್ಲಿ ಕೂತ್ಕೊಂಡು ನೋಡ್ತೀನಪ್ಪ, ಸಾಕು' ಅಂದರು. ಆಮೇಲೆ ಮೂರು ದಿನವೂ ಮೂವರಿಗೂ ಕುರ್ಚಿ ಅವರೇ ಹಿಡಿದಿಟ್ಟಿರುತ್ತಿದ್ದರು. ಹೊರಡುವ ದಿನ ನನ್ನ ಸಂಗಾತಿಯ ಕೈಗೆ ಚಕ್ಕುಲಿ ಪೊಟ್ಟಣ ಕೊಟ್ಟು 'ಇಬ್ಬರೂ ಜಗಳ ಆಡ್ಬೇಡಿ' ಅಂದರು. ನಮ್ಮಿಬ್ಬರನ್ನು ಒಂದು ಜೋಡಿ ಅಂತ ಹಿರಿಯರೊಬ್ಬರು ಕನ್ನಡದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ವಾಪಸ್ ಬಂದ ಮೇಲೆ ತುಂಬಾ ಬೇಜಾರಾಗುತ್ತದೆ ಅಂತಾರೆ. ನಿಜವಾ?

ನಿಜ. ಏರ್‌ಪೋರ್ಟಿನಲ್ಲಿ ಕೈ ಬಿಟ್ಟು ಎರಡಡಿ ದೂರ ನಡೆಯಲು ಶುರು ಮಾಡುತ್ತೀರಿ, ಅಲ್ಲಿಂದಲೇ ಹಿಡಿಯುತ್ತದೆ. ಒಂದು ವಾರ ಯಾರ ಜೊತೆಯಾದರೂ ಮಾತಾಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ಗುಡ್ ಆ್ಯಸ್ ಯೂ ಎಂಬ ಗುಂಪು 1994ರಲ್ಲೇ ಶುರುವಾಗಿತ್ತು, 2008ರಿಂದ ಪ್ರೈಡ್ ನಡೆಯುತ್ತಿದೆ, ಅದರ ಜೊತೆಗೆ ಕ್ವಿಯರ್ ಹಬ್ಬ. ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಒಂದು ರಾತ್ರಿಯ ಬಸ್ಸು. ಆರು ವಾರ ಕಳೆದ ಮೇಲೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಒಂದು ಎಚ್‌ಐವಿ ಪರೀಕ್ಷೆ ಮಾಡಿಸಿ. ಉಚಿತ, ಗುಟ್ಟಾಗಿ ಇಡುತ್ತಾರೆ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನನಗೆ ಮೆಸೇಜ್ ಮಾಡಿ, ಬೆಂಗಳೂರಿನಲ್ಲಾದರೆ ನಾನೇ ಜೊತೆಗೆ ಬರುತ್ತೇನೆ.